ಅಯೋರ್ಟಾ ಕಮಾನಿನ ರಿಪೇರಿಗೆ ಒಪ್ಪುವ ಮುಂಚೆ ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ

ನಮ್ಮ ದೊಡ್ಡಮ್ಮನಿಗೆ ಮುದ್ದೆ ಇಳಿಯುತ್ತಿರಲಿಲ್ಲ. ತಿಪಟೂರು ಕಡೆಯವರಿಗೆ ಇದು ಸಣ್ಣ ವಿಷಯ ಅಲ್ಲ, ಅಗಿಯದೆ ನುಂಗುವ ಊಟ ಅದು. ಅನ್ನ ಸಾರು ಹೇಗೋ ಇಳಿಯುತ್ತಿತ್ತು, ಮುದ್ದೆ ಮಾತ್ರ ಎದೆ ಹತ್ತಿರ ಬಂದು ನಿಂತುಬಿಡುತ್ತಿತ್ತು. ಎರಡು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ತಿಂದರು. ಕೊನೆಗೆ ಎಂಡೋಸ್ಕೋಪಿ ಮಾಡಿದ ಡಾಕ್ಟರು, ಅನ್ನನಾಳದ ಹಿಂದಿನ ಗೋಡೆಯಲ್ಲಿ ಏನೋ ಮಿಡಿಯುತ್ತಿದೆ ಎಂದು ಸಿಟಿ ಆಂಜಿಯೋ, ಅಂದರೆ ರಕ್ತನಾಳ ತೋರಿಸುವ ಸಿಟಿ ಸ್ಕ್ಯಾನ್ ಬರೆದುಕೊಟ್ಟರು. ರಿಪೋರ್ಟಿನಲ್ಲಿ ಬಂದದ್ದು ಇಷ್ಟು: ಅಬರೆಂಟ್ ರೈಟ್ ಸಬ್‌ಕ್ಲೇವಿಯನ್ ಆರ್ಟರಿ, ಜೊತೆಗೆ ಕೊಮ್ಮರೆಲ್ ಡೈವರ್ಟಿಕ್ಯುಲಮ್. ಮನೆಯಲ್ಲಿ ಯಾರಿಗೂ ಅದನ್ನು ಓದೋಕೂ ಬರಲಿಲ್ಲ.

ಆಮೇಲೆ ಒಂದು ಆಸ್ಪತ್ರೆಯಲ್ಲಿ "ಎದೆ ಕುಯ್ಯೋದು ಬೇಡ, ತೊಡೆಯಿಂದ ಸ್ಟೆಂಟ್ ಹಾಕಿಬಿಡೋಣ, ಸಣ್ಣ ಪ್ರೊಸೀಜರ್" ಎಂದರು. ನಾವೆಲ್ಲ ಖುಷಿಯಾದೆವು. ಆ ಖುಷಿ ಸ್ವಲ್ಪ ಬೇಗ ಆಯಿತು. ತೂತು ಸಣ್ಣದು, ನಿಜ. ಕೆಲಸ ಸಣ್ಣದಲ್ಲ. ನಾನು ಡಾಕ್ಟರ್ ಅಲ್ಲ, ಫೈಲ್ ಹಿಡಿದು ಜೊತೆಗೆ ಓಡಾಡಿದವನು ಅಷ್ಟೇ. ನಿಮ್ಮ ಮನೆಯವರಿಗೂ ಇಂಥದ್ದೇ ಒಂದು ಹೆಸರು ರಿಪೋರ್ಟಿನಲ್ಲಿ ಬಂದಿದ್ದರೆ ಏನೇನು ಮಾಡಬೇಕು, ಯಾವುದನ್ನು ಕೇಳದೆ ಸಹಿ ಹಾಕಬಾರದು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಚಿತ್ರ ಬರೆಯಿರಿ

ನಿಜವಾಗಿಯೂ ಬರೆಯಿರಿ. ಹೃದಯದಿಂದ ಹೊರಟ ದೊಡ್ಡ ರಕ್ತನಾಳ ಅಯೋರ್ಟಾ. ಅದು ಮೇಲಕ್ಕೆ ಹೋಗಿ, ಕೊಡೆಯ ಹಿಡಿಯ ಹಾಗೆ ಬಾಗಿ, ಬೆನ್ನಿನ ಕಡೆಗೆ ತಿರುಗಿ ಕೆಳಗಿಳಿಯುತ್ತದೆ. ಆ ಬಾಗಿದ ಭಾಗವೇ ಕಮಾನು. ಎಲ್ಲರಲ್ಲೂ ಇರುವ ಹಾಗೆ ಇದ್ದರೆ ಕಮಾನಿನ ಮೇಲೆ ಮೂರು ಕೊಂಬೆ. ಮೊದಲನೆಯದು ಬಲಗಡೆಯದು, ಅದು ಮುಂದೆ ಹೋಗಿ ಬಲ ಕತ್ತಿಗೊಂದು ಬಲಗೈಗೊಂದು ಎಂದು ಕವಲೊಡೆಯುತ್ತದೆ. ಎರಡನೆಯದು ಎಡ ಕತ್ತಿಗೆ, ಮೂರನೆಯದು ಎಡಗೈಗೆ.

ದೊಡ್ಡಮ್ಮನದು ಹಾಗಿರಲಿಲ್ಲ. ನಾಲ್ಕು ಕೊಂಬೆ. ಬಲ ಕತ್ತು, ಎಡ ಕತ್ತು, ಎಡಗೈ, ಎಲ್ಲ ಆದ ಮೇಲೆ ಕೊನೆಯಲ್ಲಿ ಬಲಗೈಯದು. ಎಡಗಡೆ ಹುಟ್ಟಿ ಬಲಗೈಗೆ ಹೋಗಬೇಕಲ್ಲ, ಅದಕ್ಕೆ ಅನ್ನನಾಳದ ಹಿಂದೆ ನುಸುಳಿಕೊಂಡು ಹೋಗಿದೆ. ರಿಪೋರ್ಟಿನ ಅಬರೆಂಟ್ ರೈಟ್ ಸಬ್‌ಕ್ಲೇವಿಯನ್ ಆರ್ಟರಿ ಅಂದರೆ ಇದೇ. ಮುದ್ದೆ ನಿಲ್ಲುತ್ತಿದ್ದುದು ಅಲ್ಲೇ. ತಾಯಿಯ ಹೊಟ್ಟೆಯಲ್ಲಿರುವಾಗ ಎರಡೂ ಕಡೆ ಕಮಾನು ಮೂಡುತ್ತವೆ, ಬೇಡದ ತುಂಡುಗಳು ಕರಗಿಹೋಗುತ್ತವೆ. ಕರಗಬೇಕಾದ ತುಂಡು ಉಳಿದು, ಉಳಿಯಬೇಕಾದದ್ದು ಕರಗಿದರೆ ಹೀಗಾಗುತ್ತದೆ. ಆ ಉಳಿದ ತುಂಡು ಬುಡದಲ್ಲಿ ಗೆಡ್ಡೆಯ ಹಾಗೆ ಉಬ್ಬಿಕೊಂಡಿದ್ದರೆ ಅದೇ ಕೊಮ್ಮರೆಲ್ ಡೈವರ್ಟಿಕ್ಯುಲಮ್. 1936ರಲ್ಲಿ ಕೊಮ್ಮರೆಲ್ ಎಂಬ ಜರ್ಮನ್ ವೈದ್ಯರು ಎಕ್ಸ್‌ರೇಯಲ್ಲಿ ಗುರುತಿಸಿದ್ದಕ್ಕೆ ಆ ಹೆಸರು. ನುಂಗುವ ಈ ತೊಂದರೆಗೆ ಇನ್ನೂ ಹಳೆಯ ಹೆಸರಿದೆ, ಡಿಸ್ಫೇಜಿಯಾ ಲೂಸೋರಿಯಾ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಡೇವಿಡ್ ಬೇಫೋರ್ಡ್ ಎಂಬ ವೈದ್ಯರು ಲ್ಯಾಟಿನ್ನಿನಲ್ಲಿ ಪ್ರಕೃತಿಯ ಚೇಷ್ಟೆ ಎಂದು ಅರ್ಥ ಬರುವ ಮಾತಿನಿಂದ ಅದನ್ನು ವಿವರಿಸಿದ್ದರು. ಎರಡು ವರ್ಷ ಮಾತ್ರೆ ನುಂಗಿದವರಿಗೆ ಈ ಚೇಷ್ಟೆ ಹೇಳಿದರೆ ನಗು ಬರಲಿಲ್ಲ ಬಿಡಿ.

ಚಿತ್ರ ಬರೆದ ಹಾಳೆಯನ್ನು ಡಾಕ್ಟರ ಮುಂದೆ ಇಡಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ನಮ್ಮ ಸರ್ಜನ್ ನನ್ನ ಪೆನ್ನನ್ನೇ ತಗೊಂಡು ಹತ್ತು ನಿಮಿಷ ಬರೆದು ತೋರಿಸಿದರು. ಅಲ್ಲಿವರೆಗೆ ಮೂರು ಸಲ ಹೋದಾಗಲೂ ಎರಡು ನಿಮಿಷಕ್ಕಿಂತ ಜಾಸ್ತಿ ಮಾತು ಸಿಕ್ಕಿರಲಿಲ್ಲ.

ಮಾಡಿಸಲೇಬೇಕಾ?

ಬಲಗೈ ನಾಳ ಹೀಗೆ ದಾರಿ ತಪ್ಪಿರುವುದು ಅಷ್ಟೇನೂ ಅಪರೂಪ ಅಲ್ಲ, ಸುಮಾರು 100 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಬದುಕಿಡೀ ಗೊತ್ತೇ ಆಗುವುದಿಲ್ಲ. ಬೇರೆ ಯಾವುದಕ್ಕೋ ಸಿಟಿ ಮಾಡಿಸಿದಾಗ ಕಂಡಿತು, ನುಂಗೋಕೆ ತೊಂದರೆ ಇಲ್ಲ, ಉಸಿರಿಗೆ ತೊಂದರೆ ಇಲ್ಲ, ಬುಡ ಉಬ್ಬಿಲ್ಲ ಎಂದಾದರೆ ಹೆಚ್ಚಾಗಿ ಸುಮ್ನೆ ಬಿಡುತ್ತಾರೆ. ಹೆದರಿ ಆಪರೇಷನ್ ಕೇಳಿಕೊಂಡು ಹೋಗಬೇಡಿ.

ಲೆಕ್ಕ ಬದಲಾಗುವುದು ಬುಡ ಉಬ್ಬಿದಾಗ. ಅದು ಒಡೆದರೆ ಅಥವಾ ಅದರ ಗೋಡೆ ಸೀಳಿದರೆ ಜೀವಕ್ಕೇ ಅಪಾಯ. ಅಮೆರಿಕದ ಹೃದ್ರೋಗ ಸಂಘಗಳ 2022ರ ಮಾರ್ಗಸೂಚಿಯ ಪ್ರಕಾರ ಉಬ್ಬಿನ ಬುಡ 3 ಸೆಂಟಿಮೀಟರ್ ದಾಟಿದ್ದರೆ, ಅಥವಾ ಉಬ್ಬು ಮತ್ತು ಪಕ್ಕದ ಅಯೋರ್ಟಾ ಎರಡನ್ನೂ ಸೇರಿಸಿ ಅಳೆದಾಗ 5 ಸೆಂಟಿಮೀಟರ್ ದಾಟಿದ್ದರೆ, ತೊಂದರೆ ಏನೂ ಕಾಣದಿದ್ದರೂ ರಿಪೇರಿ ಯೋಚಿಸಬಹುದು. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಉಬ್ಬು ಎಷ್ಟು ಸೆಂಟಿಮೀಟರ್, ಎಲ್ಲಿಂದ ಎಲ್ಲಿಗೆ ಅಳೆದಿರಿ? ರಿಪೋರ್ಟಿನಲ್ಲಿ ಸುಮ್ನೆ "ಇದೆ" ಎಂದಷ್ಟೇ ಬರೆದು ಅಳತೆ ಕೊಡದೆ ಇದ್ದರೆ ಅಳತೆ ಹಾಕಿ ಕೊಡಿ ಎಂದು ಕೇಳಿ ಪಡೆಯಿರಿ.

ಇನ್ನೊಂದು, ಸಿಟಿಯ ಸಿಡಿ ಅಥವಾ ಪೆನ್ ಡ್ರೈವ್ ತಗೊಳ್ಳದೆ ಆ ಸ್ಕ್ಯಾನಿಂಗ್ ಸೆಂಟರಿನಿಂದ ಹೊರಗೆ ಬರಬೇಡಿ. ನಮಗೆ ಬರೀ ಫಿಲ್ಮ್ ಕೊಟ್ಟು ಕಳಿಸಿದ್ದರು, ಅದರಿಂದ ಸ್ಟೆಂಟ್ ಅಳತೆ ತೆಗೆಯೋಕೆ ಆಗುವುದಿಲ್ಲ. ಇನ್ನೇನು ಮತ್ತೊಂದು ಸಲ ಡೈ (ಸಿಟಿಯಲ್ಲಿ ರಕ್ತನಾಳ ಕಾಣಲಿ ಎಂದು ಕೊಡುವ ಔಷಧ) ಚುಚ್ಚಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ನಮ್ಮ ತಮ್ಮ ಹೋಗಿ ಜಗಳ ಮಾಡಿ ಸಿಡಿ ತಂದ.

ಕೊಂಬೆಗಳ ಲೆಕ್ಕ

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

ತೊಡೆಯಿಂದ ಹಾಕುವುದು ಬಟ್ಟೆ ಹೊದಿಸಿದ ಸ್ಟೆಂಟ್, ಸ್ಟೆಂಟ್ ಗ್ರಾಫ್ಟ್ ಎನ್ನುತ್ತಾರೆ. ಹಳೇ ಪೈಪಿನ ಒಳಗೆ ಹೊಸ ಪೈಪ್ ತೂರಿಸಿದ ಹಾಗೆ. ರಕ್ತ ಹೊಸ ಪೈಪಿನ ಒಳಗೇ ಹರಿಯುತ್ತದೆ, ಹೊರಗಿನ ಉಬ್ಬಿಗೆ ಒತ್ತಡ ತಪ್ಪುತ್ತದೆ. 1987ರಲ್ಲಿ ಈಗಿನ ಉಕ್ರೇನಿನ ಖಾರ್ಕಿವ್‌ನಲ್ಲಿ ವೊಲೊಡೊಸ್ ಎಂಬ ಸರ್ಜನ್ ಎದೆಯ ಅಯೋರ್ಟಾಕ್ಕೆ ಹೀಗೆ ಮಾಡಿದ್ದರು, 90ರ ದಶಕದಲ್ಲಿ ಅಮೆರಿಕದ ಸ್ಟಾನ್‌ಫರ್ಡ್‌ನವರು ಅದನ್ನು ಮುಂದುವರಿಸಿದರು. ಕೆಳಗಿಳಿಯುವ ನೇರ ಭಾಗದಲ್ಲಿ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಕಮಾನಿನಲ್ಲಿ ತಕರಾರು ಏನೆಂದರೆ ಅಲ್ಲಿ ಕೊಂಬೆಗಳಿವೆ. ಒಳಗಿನ ಪೈಪ್ ಗಟ್ಟಿಯಾಗಿ ಕೂರಲು ಉಬ್ಬಿನ ಎರಡೂ ಕಡೆ ಸುಮಾರು 2 ಸೆಂಟಿಮೀಟರ್ ಒಳ್ಳೇ ಗೋಡೆ ಬೇಕು. ಆ ಜಾಗಕ್ಕಾಗಿ ಹೃದಯದ ಕಡೆಗೆ ಸರಿದಷ್ಟೂ ಕೊಂಬೆಗಳ ಬಾಯಿ ಮುಚ್ಚಿಹೋಗುತ್ತದೆ.

ದೊಡ್ಡಮ್ಮನ ಲೆಕ್ಕದಲ್ಲಿ ಬಲಗೈ ಕೊಂಬೆಯ ಬಾಯಿ ಮುಚ್ಚಲೇಬೇಕು, ಉಬ್ಬು ಇರುವುದೇ ಅಲ್ಲಿ. ಪಕ್ಕದಲ್ಲೇ ಎಡಗೈಯದು, ಅದೂ ಮುಚ್ಚುತ್ತದೆ. ಎರಡೂ ಕೈ ಹೋದವು ಅಲ್ವಾ? ಕೈ ಮಾತ್ರ ಅಲ್ಲ. ಈ ಎರಡು ನಾಳಗಳಿಂದಲೇ ವರ್ಟಿಬ್ರಲ್ ಎಂಬ ನಾಳಗಳು ಕವಲೊಡೆದು ಕತ್ತಿನ ಹಿಂದಿನಿಂದ ಮೆದುಳಿಗೆ ಹೋಗುತ್ತವೆ, ಬೆನ್ನುಹುರಿಗೂ ಅಲ್ಲಿಂದ ರಕ್ತ ಸಿಗುತ್ತದೆ. ಅದಕ್ಕೇ ಮೊದಲು ಕತ್ತಿನ ಎರಡೂ ಕಡೆ, ಕಾಲರ್ ಮೂಳೆಯ ಮೇಲೆ, ಗೇಣಿಗಿಂತ ಕಡಿಮೆ ಕುಯ್ದು, ಕತ್ತಿನ ನಾಳದಿಂದ ಕೈ ನಾಳಕ್ಕೆ ಬೈಪಾಸ್ ಪೈಪ್ ಹಾಕುತ್ತಾರೆ. ಅಥವಾ ಕೈ ನಾಳವನ್ನೇ ಕತ್ತರಿಸಿ ಕತ್ತಿನ ನಾಳಕ್ಕೆ ಹೊಲಿಯುತ್ತಾರೆ. ಆಮೇಲೆ ಸ್ಟೆಂಟ್. ಕೊನೆಗೆ ಬಲಗೈ ನಾಳದ ಬುಡದ ಕಡೆ ಒಂದು ಬಿರಡೆ. ಇಲ್ಲದಿದ್ದರೆ ಬೈಪಾಸಿನಿಂದ ಬಂದ ರಕ್ತವೇ ಹಿಂದಕ್ಕೆ ಹರಿದು ಉಬ್ಬನ್ನು ತುಂಬುತ್ತಿರುತ್ತದೆ. ತೋಟದಲ್ಲಿ ಗೇಟ್ ವಾಲ್ವ್ ಒಂದು ಕಡೆ ಮಾತ್ರ ಮುಚ್ಚಿದರೆ ಆ ಕಡೆಯಿಂದ ನೀರು ವಾಪಸ್ ಬರುವುದಿಲ್ಲವಾ, ಹಾಗೆ.

ಈಗ ಹಾಳೆ ತಗೊಂಡು ಒಂದೊಂದು ಕೊಂಬೆಗೂ ಬೆರಳಿಟ್ಟು ಡಾಕ್ಟರನ್ನು ಕೇಳಿ: ಇದನ್ನು ಮುಚ್ಚುತ್ತೀರಾ, ಮುಚ್ಚಿದರೆ ನಾಳೆ ಇದಕ್ಕೆ ರಕ್ತ ಎಲ್ಲಿಂದ? ಎಲ್ಲ ಕೊಂಬೆಗೂ ಉತ್ತರ ಸಿಗುವವರೆಗೆ ಹಾಳೆ ಮಡಚಬೇಡಿ. ನಮಗೆ ಮೊದಲು "ಸಣ್ಣ ಪ್ರೊಸೀಜರ್" ಎಂದವರು ಎಡಗೈ ನಾಳದ ವಿಷಯಕ್ಕೆ "ಅದು ಏನೂ ಆಗಲ್ಲ" ಎಂದು ಮುಗಿಸಿದರು. ಅಲ್ಲಿಂದ ಫೈಲ್ ಎತ್ತಿಕೊಂಡು ಬಂದೆವು. ಕೆಲವರಿಗೆ ಎಡಗೈ ನಾಳ ಮುಚ್ಚಿದರೂ ನಡೆಯುತ್ತದೆ, ಅದು ಸುಳ್ಳಲ್ಲ. ಆದರೆ ಯಾಕೆ ನಡೆಯುತ್ತದೆ ಅನ್ನುವುದನ್ನು ನಿಮ್ಮ ಸಿಟಿ ತೋರಿಸಿ ಹೇಳಬೇಕು.

ಎರಡು ಸಂಗತಿ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಈ ಮೊದಲು ಹೃದಯದ ಬೈಪಾಸ್ ಆಗಿದೆಯಾ? ಆ ಆಪರೇಷನ್ನಿನಲ್ಲಿ ಎದೆಯ ಎಡಗಡೆಯ ನಾಳವನ್ನು ಹೃದಯಕ್ಕೆ ಜೋಡಿಸಿರುವುದು ಜಾಸ್ತಿ, ಆ ನಾಳ ಹುಟ್ಟುವುದು ಎಡಗೈ ಕೊಂಬೆಯಿಂದ. ಅದನ್ನು ಮುಚ್ಚಿದರೆ ಹೃದಯಕ್ಕೇ ರಕ್ತ ನಿಲ್ಲುತ್ತದೆ. ಎರಡನೆಯದು, ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿಸಿದ್ದಾರಾ ಎನ್ನುವುದು.

ಕೊಂಬೆ ಇರುವ ಸ್ಟೆಂಟ್ ಗ್ರಾಫ್ಟ್‌ಗಳೂ ಬಂದಿವೆ. ಎದೆಯ ಅಯೋರ್ಟಾಕ್ಕೆ ಒಂದು ಕೊಂಬೆ ಇರುವ ಗೋರ್ ಕಂಪನಿಯ ಗ್ರಾಫ್ಟಿಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಡಾಕ್ಟರೇ ಗ್ರಾಫ್ಟಿಗೆ ಕಿಂಡಿ ಕೊರೆದು ಹಾಕುವುದೂ ಇದೆ. ಆದರೆ ಇವು ಮೂರು ಕೊಂಬೆಯ ಮಾಮೂಲಿ ಕಮಾನನ್ನು ಮನಸ್ಸಿನಲ್ಲಿಟ್ಟು ಬೆಳೆದ ದಾರಿಗಳು, ನಿಮ್ಮ ಕಮಾನು ಮಾಮೂಲಿ ಅಲ್ಲ. ಇಂಥದ್ದು ಹೇಳಿದರೆ, ಇದೇ ಥರದ ಕಮಾನಿಗೆ ಇಲ್ಲಿ ಎಷ್ಟು ಮಾಡಿದ್ದೀರಿ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ನಾನಂತೂ ಮಾಡಿಸುವುದಿಲ್ಲ.

ಎದೆ ತೆರೆದು ಮಾಡುವುದನ್ನು ಪೂರ್ತಿ ತಳ್ಳಿಹಾಕಬೇಡಿ. ಉಬ್ಬು ಒಡೆಯುವ ಅಪಾಯವನ್ನು ಸ್ಟೆಂಟ್ ತಡೆಯುತ್ತದೆ, ಆದರೆ ಅನ್ನನಾಳವನ್ನು ಒತ್ತುತ್ತಿರುವ ಆ ಉಬ್ಬನ್ನು ಕಿತ್ತುಹಾಕುವುದಿಲ್ಲ. ಉಬ್ಬಿನೊಳಗಿನ ರಕ್ತ ಹೆಪ್ಪುಗಟ್ಟಿ ನಿಧಾನಕ್ಕೆ ಕುಗ್ಗಬೇಕು. ಕೆಲವರಲ್ಲಿ ಕುಗ್ಗುತ್ತದೆ, ಕೆಲವರಲ್ಲಿ ನುಂಗುವ ತೊಂದರೆ ಹಾಗೇ ಉಳಿಯುತ್ತದೆ. ವಯಸ್ಸು ಚಿಕ್ಕದು, ಒತ್ತಡದ್ದೇ ಮುಖ್ಯ ತೊಂದರೆ, ಶರೀರ ಗಟ್ಟಿ ಇದೆ ಎಂದಾದರೆ ತೆರೆದ ಆಪರೇಷನ್ನೇ ಒಳ್ಳೆಯದಿರಬಹುದು. ಮಾರ್ಫನ್ ಥರದ ಕಾಯಿಲೆ ಇರುವವರಿಗೆ ರಕ್ತನಾಳದ ಗೋಡೆಯೇ ಸಡಿಲ, ಅವರಲ್ಲಿ ಸ್ಟೆಂಟನ್ನು ಆದಷ್ಟು ಬೇಡ ಎನ್ನುತ್ತಾರೆ. ಪುಟ್ಟ ಮಕ್ಕಳಿಗಂತೂ ಈ ಸ್ಟೆಂಟ್ ದಾರಿ ಅಲ್ಲ, ಮಗು ಬೆಳೆದ ಹಾಗೆ ಪೈಪ್ ಬೆಳೆಯುವುದಿಲ್ಲ. ಉಸಿರಾಡುವಾಗ ಗೊರಗೊರ ಸದ್ದು ಬರುವ ಮಗುವಿಗೆ ವ್ಯಾಸ್ಕುಲರ್ ರಿಂಗ್ ಇದೆ ಎಂದು ಡಾಕ್ಟರು ಹೇಳಿದರೆ, ಶ್ವಾಸನಾಳ ಅನ್ನನಾಳ ಎರಡನ್ನೂ ಸುತ್ತಿರುವ ಬಳೆಯನ್ನು ಕತ್ತರಿಸಿ ಬಿಡಿಸುತ್ತಾರೆ. 1945ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಎದೆ ತೆರೆದು ಮಾಡಿ ತೋರಿಸಿದ್ದನ್ನು ಈಗ ಕೆಲವು ಮಕ್ಕಳಲ್ಲಿ ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುತ್ತಾರೆ.

ತೊಡೆಯ ದಾರಿ, ಕಿಡ್ನಿ, ದುಡ್ಡು

ಸ್ಟೆಂಟ್ ಮಡಚಿಟ್ಟ ನಳಿಕೆ 20ರಿಂದ 24 ಫ್ರೆಂಚ್ ಇರುತ್ತದೆ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಅಂದರೆ ತೊಡೆಸಂದಿನಿಂದ ಹೊಟ್ಟೆಯವರೆಗಿನ ನಾಳದಲ್ಲಿ 7–8 ಮಿಲಿಮೀಟರ್ ದಪ್ಪದ್ದು ಹಾಯಬೇಕು. ಹೆಂಗಸರಲ್ಲಿ ಈ ನಾಳ ಸಣ್ಣದಿರುವುದು ಜಾಸ್ತಿ, ಹಾಗಾಗಿ ಸಿಟಿ ಎದೆಗೆ ಮಾತ್ರ ಸಾಲದು, ತೊಡೆಯವರೆಗೂ ಬೇಕು. ಮೊದಲೇ ಹೇಳಿ ಒಂದೇ ಸಲಕ್ಕೆ ಮಾಡಿಸಿಬಿಡಿ.

ಡೈ ಕಿಡ್ನಿಗೆ ಭಾರ. ಕ್ರಿಯಾಟಿನಿನ್ ರಿಪೋರ್ಟ್ ಹೊಸದಿರಲಿ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಯಾವತ್ತು ನಿಲ್ಲಿಸಬೇಕು, ಯಾವತ್ತು ಶುರು ಮಾಡಬೇಕು ಎನ್ನುವುದನ್ನು ಬರೆಸಿಕೊಳ್ಳಿ. ರಕ್ತ ತೆಳು ಮಾಡುವ ಮಾತ್ರೆಗೂ ಹಾಗೆಯೇ, ನೀವಾಗಿ ನಿಲ್ಲಿಸಬೇಡಿ. ಹಲ್ಲು ಹುಳುಕಿದ್ದರೆ ಮೊದಲೇ ತೋರಿಸಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿಸಿ.

ದುಡ್ಡಿನ ವಿಷಯ ಕೌಂಟರಿನಲ್ಲಿ ನಿಂತು ಕೇಳಬೇಡಿ, ಬರೆಸಿಕೊಳ್ಳಿ. ಕತ್ತಿನ ಬೈಪಾಸ್ ಬೇರೆ ಬಿಲ್ಲಾ? ಗ್ರಾಫ್ಟ್ ಎಷ್ಟು ಪೀಸ್? ಬಿರಡೆ ಸೇರಿದೆಯಾ? ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಷನ್ನಿಗೆ ಮುಂಚೆಯೇ ಕಂಡು, ಬೈಪಾಸಿಗೂ ಸ್ಟೆಂಟಿಗೂ ಒಟ್ಟಿಗೆ ಅನುಮತಿ ಸಿಗುತ್ತದಾ ಎಂದು ಕೇಳಿ. ಖಾಸಗಿ ವಿಮೆ ಇದ್ದರೆ ಒಂದು ಕೊಕ್ಕೆ ಇದೆ. ಇದು ಹುಟ್ಟಿನಿಂದ ಬಂದದ್ದು ಎಂದು ಡಾಕ್ಟರು ಬರೆದ ಕೂಡಲೇ ಕೆಲವರು ಕ್ಲೇಮ್ ತಳ್ಳಿಹಾಕುತ್ತಾರೆ. ಪಾಲಿಸಿ ತೆಗೆದು ಓದಿ. ಹುಟ್ಟಿನಿಂದ ಬಂದ ತೊಂದರೆಯಲ್ಲಿ ಹೊರಗೆ ಕಾಣುವುದು, ಒಳಗಿರುವುದು ಎಂದು ಎರಡು ಬಗೆ ಮಾಡಿರುತ್ತಾರೆ. ಅಯೋರ್ಟಾ ಒಳಗಿನದು. ಪಾಲಿಸಿಯಲ್ಲಿ ಕೈಬಿಟ್ಟಿರುವುದು ಹೊರಗಿನದನ್ನು ಮಾತ್ರ ಎಂದಿದ್ದರೆ ಆ ಸಾಲಿಗೆ ಗೆರೆ ಎಳೆದು ವಾಪಸ್ ಕಳಿಸಿ.

ಆ ದಿನಗಳು

ದೊಡ್ಡಮ್ಮನಿಗೆ ಎರಡು ಕಂತಿನಲ್ಲಿ ಮಾಡಿದರು. ಮೊದಲ ದಿನ ಬಲ ಕತ್ತು. ನಾಲ್ಕು ದಿನ ಬಿಟ್ಟು ಎಡ ಕತ್ತು ಮತ್ತು ಸ್ಟೆಂಟ್. ಎರಡೂ ಕಡೆ ಒಂದೇ ದಿನ ಯಾಕೆ ಮಾಡಲಿಲ್ಲ ಎಂದರೆ, ಎದೆ ಹೊಟ್ಟೆ ನಡುವಿನ ಉಸಿರಿನ ಪೊರೆಯನ್ನು ಅಲ್ಲಾಡಿಸುವ ನರ ಕತ್ತಿನ ಎರಡೂ ಬದಿಯಲ್ಲಿ ಹಾದುಹೋಗುತ್ತದೆ, ಒಂದು ಕಡೆಯದಕ್ಕೆ ಪೆಟ್ಟಾಗಿದೆಯಾ ನೋಡಿಕೊಂಡು ಇನ್ನೊಂದು ಕಡೆಗೆ ಕೈ ಹಾಕೋಣ ಎಂದರು. ನನಗೆ ಆ ಎಚ್ಚರಿಕೆ ಇಷ್ಟವಾಯಿತು.

ಕತ್ತಿನ ಆಪರೇಷನ್ ಆದ ಮೇಲೆ ಧ್ವನಿ ಒಡೆದಿದೆಯಾ, ಒಂದು ಕಣ್ಣಿನ ರೆಪ್ಪೆ ಜೋತಿದೆಯಾ ನೋಡಿ. ಎಡ ಕತ್ತಿನ ಡ್ರೈನ್ ಬಾಟಲಿಯಲ್ಲಿ ಹಾಲಿನ ಹಾಗೆ ಬಿಳಿ ನೀರು ಬಂದರೆ ತಕ್ಷಣ ಸಿಸ್ಟರಿಗೆ ಹೇಳಿ. ಊಟದ ಕೊಬ್ಬು ಸಾಗಿಸುವ ನಾಳ ಅಲ್ಲೇ ಇದೆ, ಅದು ಸೋರುತ್ತಿರಬಹುದು.

ಸ್ಟೆಂಟ್ ಬಿಚ್ಚುವ ಆ ಕ್ಷಣದಲ್ಲಿ ಬಿಪಿಯನ್ನು ಬೇಕೆಂದೇ ಇಳಿಸುತ್ತಾರೆ, ಇಲ್ಲದಿದ್ದರೆ ರಕ್ತದ ರಭಸಕ್ಕೆ ಸ್ಟೆಂಟ್ ಜಾರುತ್ತದೆ. ಆದ ಮೇಲೆ ಉಲ್ಟಾ. ಬಿಪಿ ತಗ್ಗದಂತೆ ಕಾಯುತ್ತಾರೆ, ಬೆನ್ನುಹುರಿಗೆ ರಕ್ತ ಸಾಲಬೇಕಲ್ಲ. ಎಚ್ಚರ ಆದ ಕೂಡಲೇ ಎರಡೂ ಕಾಲ ಬೆರಳು ಅಲ್ಲಾಡಿಸಲು ಹೇಳುತ್ತಾರೆ. ಕಾಲಿನ ಶಕ್ತಿ ಆಗ ಸರಿ ಇದ್ದು, ಒಂದೆರಡು ದಿನ ಆದ ಮೇಲೂ ಕುಂದಬಹುದು. ಆದ್ದರಿಂದ ವಾರ್ಡಿಗೆ ಬಂದ ಮೇಲೂ "ಜೋಮು ಹಿಡಿದಿದೆ, ಕಾಲು ಭಾರ" ಎಂದರೆ ಮಲಗಿ ಮಲಗಿ ಹಾಗಾಗಿದೆ ಎಂದು ಸಮಾಧಾನ ಹೇಳಬೇಡಿ, ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ಬೆನ್ನಿನಲ್ಲಿ ನಳಿಕೆ ಇಟ್ಟು ಬೆನ್ನುಹುರಿಯ ಸುತ್ತಲಿನ ನೀರು ತೆಗೆದು, ಬಿಪಿ ಏರಿಸಿದರೆ ಶಕ್ತಿ ವಾಪಸ್ ಬರುವ ಸಾಧ್ಯತೆ ಇದೆ, ತಡವಾದಷ್ಟೂ ಕಷ್ಟ. ಇದೇ ಕಾರಣಕ್ಕೆ, ಮನೆಗೆ ಹೋದ ಮೇಲೆ ಹಳೇ ಬಿಪಿ ಮಾತ್ರೆಯ ಡಬ್ಬಿಯಿಂದ ತೆಗೆದು ನುಂಗುವ ಅಭ್ಯಾಸ ಬೇಡ. ಡಿಸ್ಚಾರ್ಜ್ ಹಾಳೆಯಲ್ಲಿ ಇರುವುದಷ್ಟೇ. ದೊಡ್ಡಮ್ಮ ಮೂರನೇ ದಿನವೇ ಹಳೇ ಡಬ್ಬಿ ಹುಡುಕುತ್ತಿದ್ದರು, ನಾನು ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದೆ.

ಮಾತು ತೊದಲಿದರೆ, ಮುಖ ಒಂದು ಕಡೆ ಎಳೆದರೆ, ಕೈ ತಣ್ಣಗಾಗಿ ಬಿಳುಚಿದರೆ, ಎದೆ ಅಥವಾ ಬೆನ್ನಲ್ಲಿ ಹಠಾತ್ ನೋವು ಬಂದರೆ ಕಾಯಬೇಡಿ. ಹೋಗಲಿ ಬಿಡು ಅನ್ನಿಸುವ ಇನ್ನೆರಡು ಇವೆ: ಬಿಡದ ಜ್ವರ, ಮತ್ತು ವಾಂತಿಯಲ್ಲಿ ಒಂದೇ ಒಂದು ಚಮಚ ರಕ್ತ. ಸ್ಟೆಂಟಿಗೆ ಸೋಂಕು ಹತ್ತಿದ್ದರೆ, ಅಥವಾ ಅಯೋರ್ಟಾಕ್ಕೂ ಅನ್ನನಾಳಕ್ಕೂ ಮಧ್ಯೆ ತೂತು ಬಿದ್ದಿದ್ದರೆ, ಹೀಗೇ ಸಣ್ಣದಾಗಿ ಶುರುವಾಗುತ್ತದೆ.

ಆಮೇಲಿನ ಬದುಕು

ಸಾಮಾನ್ಯವಾಗಿ ಒಂದು ತಿಂಗಳಿಗೆ ಒಂದು ಸಿಟಿ, ಆರು ತಿಂಗಳಿಗೋ ವರ್ಷಕ್ಕೋ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಹುಷಾರಾಗಿದ್ದೀವಲ್ಲ ಎಂದು ತಪ್ಪಿಸುವವರೇ ಜಾಸ್ತಿ. ಸ್ಟೆಂಟಿನ ಪಕ್ಕದಿಂದ ರಕ್ತ ಉಬ್ಬಿಗೆ ಸೋರುತ್ತಿದ್ದರೆ ನೋವಾಗುವುದಿಲ್ಲ, ಸಿಟಿಯಲ್ಲಿ ಮಾತ್ರ ಕಾಣುತ್ತದೆ. ಅದಕ್ಕೆ ಎಂಡೋಲೀಕ್ ಎನ್ನುತ್ತಾರೆ. ಮೊದಲ ತಿಂಗಳ ಸಿಟಿಯಲ್ಲಿ ದೊಡ್ಡಮ್ಮನಿಗೂ ಸ್ವಲ್ಪ ಸೋರಿಕೆ ಕಂಡಿತ್ತು, ಆರನೇ ತಿಂಗಳಿಗೆ ತಾನೇ ನಿಂತಿತ್ತು. ಉಬ್ಬು ನಾಲ್ಕು ಮಿಲಿಮೀಟರ್ ಕುಗ್ಗಿದೆ. ಮುದ್ದೆ? ಗೋಲಿ ಗಾತ್ರ ಮಾಡಿಕೊಂಡರೆ ಇಳಿಯುತ್ತದೆ. ಮೊದಲಿನ ಹಾಗೆ ಇಲ್ಲ.

ಕೊನೆಯ ಕೆಲಸ, ಒಂದು ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿ. ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿರಲಿ, ಇನ್ನೊಂದು ಪ್ರತಿ ಮಗನ ಫೋನಿನಲ್ಲಿರಲಿ. ನಾವು ಬರೆದದ್ದು ಹೀಗೆ. ಸ್ಟೆಂಟ್ ಗ್ರಾಫ್ಟಿನ ಕಂಪನಿ, ಅಳತೆ, ಹಾಕಿದ ದಿನ (ಎಂಆರ್‌ಐ ಮಾಡುವವರು ಕೇಳುತ್ತಾರೆ, ಆಸ್ಪತ್ರೆ ಕೊಡುವ ಕಾರ್ಡಿನಲ್ಲೇ ಇರುತ್ತದೆ). ಎರಡೂ ಕತ್ತಿನಲ್ಲಿ ಬೈಪಾಸ್ ಪೈಪ್ ಇದೆ, ಕತ್ತಿಗೆ ಸೂಜಿ ಚುಚ್ಚುವ ಮುಂಚೆ ನೋಡಿಕೊಳ್ಳಿ. ಬಿಪಿ ಎರಡೂ ಕೈಯಲ್ಲಿ ನೋಡಿ, ಜಾಸ್ತಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಹೃದಯದ ಆಂಜಿಯೋಗ್ರಾಂ ಮಣಿಕಟ್ಟಿನಿಂದ ಬೇಡ, ಎರಡೂ ಕೈಯ ಹಳೇ ದಾರಿ ಮುಚ್ಚಿದೆ, ತೊಡೆಯಿಂದ ಮಾಡಿ. ಇನ್ನೊಂದು ಸಾಲು ನಮ್ಮ ಸರ್ಜನ್ ಹೇಳಿ ಬರೆಸಿದ್ದು: ಥೈರಾಯ್ಡ್ ಆಪರೇಷನ್ ಬೇಕಾದರೆ ಬಲಗಡೆಯ ಧ್ವನಿ ನರ ಮಾಮೂಲಿ ಜಾಗದಲ್ಲಿಲ್ಲ. ಬಲಗೈ ನಾಳ ದಾರಿ ತಪ್ಪಿದವರಲ್ಲಿ ಆ ನರ ಎದೆಗಿಳಿದು ಸುತ್ತಿ ಬರುವ ಬದಲು ನೇರವಾಗಿ ಗಂಟಲಿಗೆ ಹೋಗುತ್ತದೆ, ಗೊತ್ತಿಲ್ಲದವರು ಕತ್ತರಿಸಿಬಿಡಬಹುದು. ರಿಪೇರಿ ಬೇಡ ಎಂದು ಸುಮ್ನೆ ಬಿಟ್ಟವರೂ ಈ ಒಂದು ಸಾಲನ್ನಾದರೂ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.